ಒಂದು ಅಳಲು, ಹಲವು ಬಾಗಿಲು

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯನ್ನು ಕಟ್ಟಿದವನು ಯಾರೋ ತಿಳಿಯದು. ಬಹುಶಃ ಅವನ ಮನೆಯ ಜಗಳವೆಲ್ಲ ಸಾರಿಗೆ ಉಪ್ಪು ಹೆಚ್ಚಾಯಿತೆಂಬ ಮಾತಿನ ಮಟ್ಟದ್ದೇ ಆಗಿದ್ದಿರಬೇಕು. ಅಂಥ ಜಗಳಕ್ಕೆ ಗಾದೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ನಮ್ಮ ಸಮಾಜ ಈ ಮಾತನ್ನು ಅದರ ಯೋಗ್ಯತೆಗೆ ಮೀರಿ ದುಡಿಸಿಕೊಂಡಿದೆ. ಪಕ್ಕದ ಮನೆಯಿಂದ ಪೆಟ್ಟಿನ ಸದ್ದು ಕೇಳಿದಾಗ ಕಿಟಕಿ ಹಾಕಿಕೊಂಡವರೂ, ಬೆನ್ನ ಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದ ಮಗಳನ್ನು ಮರುದಿನದ ಬಸ್ಸಿಗೆ ಹತ್ತಿಸಿದವರೂ, ದೂರು ಹೇಳಲು ಬಂದವಳಿಗೆ ನಾಲ್ಕು ಬುದ್ಧಿಮಾತು ಹೇಳಿ ಹಿಂದಕ್ಕೆ ಕಳಿಸಿದ ಠಾಣಾಧಿಕಾರಿಯೂ ಈ ಗಾದೆಯ ನೆರಳಿನಲ್ಲಿಯೇ ನಿಂತವರು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019ರಿಂದ 2021ರವರೆಗೆ ನಡೆಯಿತು. 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಗಂಡನ ಕೈಯಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದವರು ದೇಶದಲ್ಲಿ ನೂರಕ್ಕೆ 29.3, ಕರ್ನಾಟಕದಲ್ಲಿ ನೂರಕ್ಕೆ 44.4. ರಾಜ್ಯಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ನಮ್ಮದೇ. 2015-16ರ ಸುತ್ತಿನಲ್ಲಿ ನಮ್ಮ ಅಂಕಿ 20.6 ಆಗಿತ್ತು. ನಾಲ್ಕೈದು ವರ್ಷಗಳಲ್ಲಿ ಕನ್ನಡ ನಾಡಿನ ಗಂಡಸರು ಇಮ್ಮಡಿ ಕ್ರೂರಿಗಳಾದರೆಂದು ನಂಬುವುದು ಕಷ್ಟ. ಮುಚ್ಚಿಟ್ಟುಕೊಂಡಿದ್ದನ್ನು ಹೇಳುವ ಧೈರ್ಯ ಹೆಚ್ಚಿರಬಹುದು, ಕೇಳುವವರ ಜಾಣ್ಮೆಯೂ ಬೆಳೆದಿರಬಹುದು. ಕಾರಣ ಯಾವುದೇ ಇರಲಿ, ಆ ಅಂಕಿ ನಮ್ಮ ಮನೆಗಳದು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಸ್ತ್ರೀಯರಲ್ಲಿ ಯಾರದಾದರೂ ನೆರವು ಬೇಡಿದವರು ದೇಶದಲ್ಲಿ ನೂರಕ್ಕೆ ಸುಮಾರು 14 ಮಂದಿ ಮಾತ್ರ. ಆ ಹದಿನಾಲ್ವರಲ್ಲೂ ಬಹುಪಾಲು ಜನ ಮೊದಲು ಹೋದದ್ದು ತವರಿಗೆ. ಪೊಲೀಸರ ಬಳಿಗೆ, ವೈದ್ಯರ ಬಳಿಗೆ, ವಕೀಲರ ಬಳಿಗೆ ಹೋದವರು ಬೆರಳೆಣಿಕೆಯವರು.

ಇದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಜನಪದರ “ಕೆರೆಗೆ ಹಾರ” ಎಂಬ ಕಥನಗೀತವನ್ನು ಶಾಲೆಯಲ್ಲಿ ಓದದವರು ಕಡಿಮೆ. ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಲು ಮನೆಯವರು ನಿಶ್ಚಯಿಸುತ್ತಾರೆ. ಗಂಡ ದಂಡಿಗೆ ಹೋಗಿದ್ದಾನೆ. ಅವಳು ತವರಿಗೆ ಓಡುತ್ತಾಳೆ. ಕಣ್ಣೀರೇಕೆಂದು ತಂದೆ ಕೇಳಿದಾಗ ನಿಜ ಬಾಯಿಗೆ ಬರುವುದಿಲ್ಲ. ಅತ್ತೆಮನೆಯವರು ತಮ್ಮನ್ನು ಬೇರೆ ಇಡುವರಂತೆ ಎಂದಷ್ಟೇ ಹೇಳುತ್ತಾಳೆ. ಅಷ್ಟಕ್ಕೇಕೆ ಅಳು, ಹೊಲಮನೆ ಕೊಡಿಸುತ್ತೇನೆ ಎಂದು ತಂದೆ ಸಮಾಧಾನ ಮಾಡುತ್ತಾನೆ. ಅವನ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಅವನು ಕೊಡುವ ಔಷಧಿಗೂ ಅವಳ ರೋಗಕ್ಕೂ ಸಂಬಂಧವಿಲ್ಲ. ಕಡೆಗೆ ಅವಳು ನಿಜ ಹೇಳುವುದು ಗೆಳತಿಯೊಬ್ಬಳ ಮುಂದೆ. ಅವಳೂ ಇಟ್ಟಂತೆ ಇರಬೇಕೆಂಬ ಧಾಟಿಯ ಮಾತನ್ನೇ ಆಡುತ್ತಾಳೆ. ತರಗತಿಯಲ್ಲಿ ಈ ಪದ್ಯವನ್ನು ತ್ಯಾಗದ ಕಥೆಯೆಂದು ಪಾಠ ಮಾಡುವವರುಂಟು. ಭಾಗೀರಥಿ ಎಷ್ಟು ಬಾಗಿಲು ತಟ್ಟಿದಳು, ಯಾವ ಬಾಗಿಲಲ್ಲಿ ಏನು ಉತ್ತರ ಬಂತು ಎಂದು ಎಣಿಸಿ ಓದಿದರೆ ಅದು ಬೇರೆಯೇ ಕಥೆಯಾಗುತ್ತದೆ.

ಇಂದಿನ ಭಾಗೀರಥಿಗೆ ತಟ್ಟಲು ಬಾಗಿಲುಗಳು ಹೆಚ್ಚಾಗಿವೆ. ಪೊಲೀಸ್ ಠಾಣೆ, ಸರಕಾರಿ ಆಸ್ಪತ್ರೆ, ರಕ್ಷಣಾಧಿಕಾರಿಯ ಕಚೇರಿ, ಕಾನೂನು ಸೇವಾ ಪ್ರಾಧಿಕಾರ, ನ್ಯಾಯಾಲಯ, ಸಾಂತ್ವನ ಕೇಂದ್ರ, ಆಶ್ರಯಗೃಹ. ಒಂದೊಂದೂ ಅಗತ್ಯವಾದದ್ದೇ. ತೊಡಕು ಇರುವುದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುವ ಹಾದಿಯಲ್ಲಿ.

ಒಬ್ಬಾಕೆಯನ್ನು ಕಲ್ಪಿಸಿಕೊಳ್ಳೋಣ. ಮೂವತ್ತರ ಆಸುಪಾಸಿನ ವಯಸ್ಸು, ಇಬ್ಬರು ಮಕ್ಕಳು, ಊರು ಯಾವುದಾದರೊಂದು ತಾಲ್ಲೂಕು ಕೇಂದ್ರ. ಮುಂಗೈ ಮುರಿದಿದೆ. ಆಸ್ಪತ್ರೆಗೆ ಹೋದರೆ “ಹೇಗಾಯಿತು?” ಎಂದು ವೈದ್ಯರು ಕೇಳುತ್ತಾರೆ, ಪಕ್ಕದಲ್ಲಿ ಗಂಡನೇ ನಿಂತಿದ್ದಾನೆ. “ಬಚ್ಚಲಲ್ಲಿ ಜಾರಿ ಬಿದ್ದೆ” ಎನ್ನುತ್ತಾಳೆ. ಚೀಟಿಯಲ್ಲಿ ಹಾಗೆಯೇ ಬರೆಯಲಾಗುತ್ತದೆ. ಹದಿನೈದು ದಿನದ ಬಳಿಕ ಧೈರ್ಯ ತಂದುಕೊಂಡು ಠಾಣೆಗೆ ಹೋದಾಗ ಆ ಚೀಟಿಯೇ ಅವಳಿಗೆ ಎದುರು ಸಾಕ್ಷಿ. ಠಾಣೆಯಲ್ಲಿ ಗಂಡನನ್ನು ಕರೆಸಿ ಗದರಿಸಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು, ಅವಳ ಕೈಗೊಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಆ ರಾತ್ರಿ ಮನೆಯಲ್ಲಿ ಏನಾಗುವುದೆಂದು ಮುಚ್ಚಳಿಕೆ ಬರೆಸಿದವರು ಕೇಳುವುದಿಲ್ಲ; ಅದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಸಾಂತ್ವನ ಕೇಂದ್ರಕ್ಕೆ ಹೋಗುತ್ತಾಳೆ, ಮೊದಲಿಂದ ಕಥೆ ಹೇಳುತ್ತಾಳೆ. ಅವರು ರಕ್ಷಣಾಧಿಕಾರಿಯ ಬಳಿಗೆ ಕಳಿಸುತ್ತಾರೆ. ಅಧಿಕಾರಿ ಸಭೆಗೆಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದಾರೆ. ಮತ್ತೊಂದು ದಿನ, ಮತ್ತೆ ಮೊದಲಿಂದ ಕಥೆ. ವಕೀಲರ ಮುಂದೆ ಇನ್ನೊಮ್ಮೆ. ನ್ಯಾಯಾಲಯದಲ್ಲಿ ಮಗದೊಮ್ಮೆ. ಐದು ಸಲ ಹೇಳಿದ ಕಥೆಯಲ್ಲಿ ತಾರೀಖು ಒಂದೆರಡು ಕಡೆ ಹಿಂದುಮುಂದಾದರೆ ಎದುರು ವಕೀಲರಿಗೆ ಅಷ್ಟೇ ಸಾಕು. ನಡುವೆ ಮಕ್ಕಳ ಪರೀಕ್ಷೆ ಬರುತ್ತದೆ, ಕೈಯಲ್ಲಿದ್ದ ಕಾಸು ಮುಗಿಯುತ್ತದೆ. ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ಬಿಗಿಯುತ್ತದೆ. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬ ಇನ್ನೊಂದು ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವಳು ಗಂಡನ ಮನೆಗೆ ಹಿಂದಿರುಗುತ್ತಾಳೆ. ಕಚೇರಿಗಳ ಕಡತಗಳಲ್ಲಿ “ಅರ್ಜಿದಾರಳು ಹಾಜರಾಗಲಿಲ್ಲ” ಎಂದೋ “ರಾಜಿಯಾಗಿದೆ” ಎಂದೋ ಷರಾ ಬೀಳುತ್ತದೆ.

ಇಲ್ಲಿ ಯಾರೊಬ್ಬರೂ ದುಷ್ಟರಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವೈದ್ಯರು ಮೂಳೆ ಕೂಡಿಸಿದರು, ಪೊಲೀಸರು ಗದರಿಸಿದರು, ಕೇಂದ್ರದವರು ಸಂತೈಸಿದರು. ಪ್ರತಿಯೊಬ್ಬರೂ ತಮ್ಮ ತುಂಡು ಕೆಲಸವನ್ನು ಮಾಡಿದರು.

ಈ ತುಂಡುಗಳನ್ನು ಹೊಲಿಯಬೇಕೆಂಬ ಆಲೋಚನೆಯಿಂದಲೇ ಹುಟ್ಟಿದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದಕ್ಕೆ ಮುಂಚೆ ಕಾನೂನು ಇರಲಿಲ್ಲವೆಂದಲ್ಲ. 1983ರಲ್ಲಿ ಭಾರತ ದಂಡ ಸಂಹಿತೆಗೆ 498-ಎ ಕಲಮು ಸೇರಿ, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ. ಆದರೆ ದಂಡನೆಯ ಕಾನೂನು ಬಲ್ಲದ್ದು ಶಿಕ್ಷೆಯನ್ನು. ಪೆಟ್ಟು ತಿಂದವಳು ಬಹಳ ಸಲ ಬಯಸುವುದು ಬೇರೆ: ಹೊಡೆತ ನಿಲ್ಲಬೇಕು, ತಲೆಯ ಮೇಲೊಂದು ಸೂರು ಉಳಿಯಬೇಕು, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕು, ತನ್ನ ಒಡವೆ ತನಗೆ ದೊರೆಯಬೇಕು. ಗಂಡ ಸೆರೆಮನೆಗೆ ಹೋದರೆ ನಾಳೆ ಅಡಿಗೆಮನೆಗೆ ಅಕ್ಕಿ ತರುವವರು ಯಾರೆಂಬ ಚಿಂತೆಯೂ ಅವಳದೇ.

ಹೊಸ ಕಾಯಿದೆ ಈ ಬಯಕೆಗಳನ್ನು ಒಂದೊಂದಾಗಿ ಹೆಸರಿಸಿತು. ಹಿಂಸೆಯೆಂದರೆ ಮೈಮೇಲಿನ ಪೆಟ್ಟು ಮಾತ್ರವಲ್ಲ, ಲೈಂಗಿಕ ದೌರ್ಜನ್ಯ, ಬೈಗುಳ ಮತ್ತು ಮಾನಸಿಕ ಕಿರುಕುಳ, ಖರ್ಚಿಗೆ ಕೊಡದಿರುವುದು, ದುಡಿದ ಸಂಬಳ ಕಸಿದುಕೊಳ್ಳುವುದು ಇವೂ ಹಿಂಸೆಯೇ ಎಂದಿತು. ರಕ್ಷಣೆಯ ಆದೇಶ, ವಾಸದ ಆದೇಶ, ಹಣದ ನೆರವು, ಮಕ್ಕಳ ತಾತ್ಕಾಲಿಕ ಸುಪರ್ದು, ನಷ್ಟಪರಿಹಾರ, ಇಷ್ಟನ್ನೂ ಒಬ್ಬರೇ ಮ್ಯಾಜಿಸ್ಟ್ರೇಟರ ಮುಂದೆ ಒಂದೇ ಅರ್ಜಿಯಲ್ಲಿ ಕೇಳಬಹುದು. ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು. ಆ ವಿಚಾರಣೆಯಿಂದ ಅರವತ್ತು ದಿನದೊಳಗೆ ತೀರ್ಮಾನ ಕೊಡಲು ಯತ್ನಿಸಬೇಕು. ಅತ್ತೆಮಾವಂದಿರ ಹೆಸರಿನಲ್ಲಿರುವ ಮನೆಯಾದರೆ ಸೊಸೆಗೆ ಅಲ್ಲಿ ಇರಲು ಹಕ್ಕಿಲ್ಲವೆಂಬ ವಾದ ಬಹುಕಾಲ ನಡೆದಿತ್ತು. ಅವಳು ಸಂಸಾರ ಮಾಡಿದ ಮನೆ ಗಂಡನ ಬಂಧುಗಳ ಸ್ವತ್ತಾಗಿದ್ದರೂ ಅದು ಕಾಯಿದೆ ಹೇಳುವ ಹಂಚಿಕೊಂಡ ಮನೆಯಾಗಬಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಅರ್ಜಿ ಹಾಕಲು ಮದುವೆಯಾದ ಊರಿಗೇ ಹೋಗಬೇಕೆಂದಿಲ್ಲ. ಈಗ ತಾತ್ಕಾಲಿಕವಾಗಿ ನೆಲಸಿರುವ ಊರಿನಲ್ಲಿಯೇ ಸಲ್ಲಿಸಬಹುದು.

ಆದರೆ ನನ್ನ ಮನಸ್ಸಿಗೆ ಈ ಕಾಯಿದೆಯ ಹೆಚ್ಚಳವೆಂದು ತೋರುವುದು ಅದು ಸೃಷ್ಟಿಸಿದ ಒಂದು ಹುದ್ದೆ ಮತ್ತು ಒಂದು ಕಾಗದ. ಹುದ್ದೆ, ರಕ್ಷಣಾಧಿಕಾರಿಯದು. ಕಾಗದ, ಕೌಟುಂಬಿಕ ಘಟನಾ ವರದಿ. ರಕ್ಷಣಾಧಿಕಾರಿ ಆಕೆಯ ಕಥೆಯನ್ನು ಒಮ್ಮೆ ಕೇಳಿ ನಿಗದಿತ ನಮೂನೆಯಲ್ಲಿ ಬರೆದುಕೊಳ್ಳಬೇಕು. ಅದನ್ನು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಿ, ಪ್ರತಿಯನ್ನು ಆ ಸರಹದ್ದಿನ ಠಾಣೆಗೂ ಸೇವಾಸಂಸ್ಥೆಗಳಿಗೂ ಕಳಿಸಬೇಕು. ಆಕೆಗೆ ಪುಕ್ಕಟೆ ಕಾನೂನು ನೆರವು ದೊರಕಿಸಬೇಕು, ಗಾಯವಾಗಿದ್ದರೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಬೇಕೆಂದರೆ ಆಶ್ರಯಗೃಹದಲ್ಲಿ ಜಾಗ ಕೊಡಿಸಬೇಕು, ಹಣದ ಆದೇಶವಾದರೆ ಅದು ಜಾರಿಯಾಗುವಂತೆ ನೋಡಬೇಕು. ಅಂದರೆ ಬಾಗಿಲಿಂದ ಬಾಗಿಲಿಗೆ ಓಡಾಡಬೇಕಾದದ್ದು ಆ ಕಾಗದ ಮತ್ತು ಆ ಅಧಿಕಾರಿ; ಮುರಿದ ಕೈಯ ಹೆಂಗಸಲ್ಲ. ಇಲಾಖೆಗಳ ನಡುವೆ ಪರಿಣಾಮಕಾರಿಯಾದ ಹೊಂದಾಣಿಕೆ ಇರುವಂತೆಯೂ ಕಾಲಕಾಲಕ್ಕೆ ಅದರ ಪರಿಶೀಲನೆ ನಡೆಯುವಂತೆಯೂ ನೋಡಿಕೊಳ್ಳುವುದು ಸರಕಾರದ ಕರ್ತವ್ಯವೆಂದು ಹನ್ನೊಂದನೆಯ ಕಲಮು ಬಾಯಿಬಿಟ್ಟು ಹೇಳಿದೆ.

ಈ ವರದಿಯಿಲ್ಲದೆ ಅರ್ಜಿಯೇ ಇಲ್ಲವೆಂದು ಕೆಲವು ಕಡೆ ಹಿಂದಕ್ಕೆ ಕಳಿಸುತ್ತಿದ್ದುದೂ ಉಂಟು. ನೇರವಾಗಿ ನ್ಯಾಯಾಲಯಕ್ಕೆ ಬಂದವಳಿಗೆ ವರದಿ ಕಡ್ಡಾಯವಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಒಳ್ಳೆಯದೇ ಆಯಿತು. ನೆರವಿಗೆಂದು ಹಾಕಿದ ಏಣಿ ಅಡ್ಡಗೋಲಾಗಬಾರದು.

ಇನ್ನು ಆ ಅಧಿಕಾರಿ ಯಾರು ಎಂಬ ಪ್ರಶ್ನೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ರಕ್ಷಣಾಧಿಕಾರಿಯ ಅಧಿಕಾರವನ್ನು ವಹಿಸಲಾಗಿದೆ. ಅವರ ಮೂಲ ಹೊಣೆ ಅಂಗನವಾಡಿಗಳದು: ಕಟ್ಟಡ, ಕಾರ್ಯಕರ್ತೆಯರ ನೇಮಕ, ಮಕ್ಕಳ ಪೌಷ್ಟಿಕ ಆಹಾರ, ಗರ್ಭಿಣಿಯರ ಲೆಕ್ಕ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಅದರ ಅರ್ಜಿಗಳ ಹೊರೆಯೂ ಅದೇ ಇಲಾಖೆಯ ಹೆಗಲಿಗೆ ಬಿತ್ತು. ಇಷ್ಟರ ನಡುವೆ ಹಿಂಸೆಗೊಳಗಾದವಳ ಕಥೆಯನ್ನು ಸಾವಧಾನವಾಗಿ ಕೇಳಿ ಬರೆಯಲು, ನೋಟೀಸನ್ನು ಎರಡು ದಿನದೊಳಗೆ ಜಾರಿ ಮಾಡಿಸಲು, ವಾಯಿದೆಯ ದಿನ ನ್ಯಾಯಾಲಯದಲ್ಲಿ ನಿಲ್ಲಲು ಒಬ್ಬ ಮನುಷ್ಯರಿಗೆ ಎಷ್ಟು ಹೊತ್ತು ದೊರೆತೀತು? ಮೇಲಾಗಿ, ಕಾಯಿದೆಯ ಕೆಲಸದಲ್ಲಿ ರಕ್ಷಣಾಧಿಕಾರಿ ಇರುವುದು ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆಯಲ್ಲಿ. ಸಂಬಳ, ವರ್ಗಾವಣೆ, ಬಡ್ತಿ ಇಲಾಖೆಯ ಕೈಯಲ್ಲಿ. ಇಬ್ಬರು ಯಜಮಾನರ ಚಾಕರಿ ಎಂಥದೆಂದು ಅನುಭವಿಸಿದವರೇ ಬಲ್ಲರು. ಅಧಿಕಾರಿಗಳನ್ನು ಬೈಯುವುದು ಸುಲಭ. ಆದರೆ ಪ್ರತ್ಯೇಕ ಹುದ್ದೆಯನ್ನೇ ಕೊಡದೆ ಕೆಲಸವನ್ನು ಕೇಳುವುದು ನ್ಯಾಯವಲ್ಲವೆಂದು ನನಗನ್ನಿಸುತ್ತದೆ.

ಕರ್ನಾಟಕದ್ದಷ್ಟೇ ಅಲ್ಲ ಈ ಪಾಡು. ಕಾಯಿದೆ ಬಂದು ಹಲವು ವರ್ಷ ಕಳೆದ ಮೇಲೂ ಎಷ್ಟೋ ಕಡೆ ರಕ್ಷಣಾಧಿಕಾರಿಗಳೇ ಇಲ್ಲವೆಂದು “ವಿ ದ ವಿಮೆನ್ ಆಫ್ ಇಂಡಿಯಾ” ಎಂಬ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರ ಪೀಠ, ಇಂಥ ಅಧಿಕಾರಿಗಳು ಇಲ್ಲದ ಕಡೆಗಳಲ್ಲಿ ಆರು ವಾರದೊಳಗೆ ಅವರನ್ನು ಗೊತ್ತುಮಾಡಬೇಕೆಂದೂ, ಕಾಯಿದೆಯ ವಿಷಯವನ್ನು ಜನಕ್ಕೆ ತಲುಪಿಸಬೇಕೆಂದೂ ರಾಜ್ಯಗಳಿಗೆ ಆದೇಶಿಸಿತು. ನಾಗರತ್ನ ಅವರು ನಮ್ಮ ಕರ್ನಾಟಕದವರೇ. ಇರುವ ಅಧಿಕಾರಿಗೆ ಮತ್ತೊಂದು ಹೆಸರಿನ ಫಲಕ ತಗುಲಿಸಿ ಆದೇಶವನ್ನು ಪಾಲಿಸಿದೆವೆನ್ನುವ ಜಾಣತನ ನಮ್ಮ ಕಚೇರಿಗಳಿಗೆ ಹೊಸದಲ್ಲವಾದ್ದರಿಂದ, ಮುಂದೇನಾಗುವುದೆಂದು ಕಾದು ನೋಡಬೇಕು.

ಆಸ್ಪತ್ರೆಯ ಬಾಗಿಲಿನ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಠಾಣೆಗೆ ಹೋಗದವಳೂ ನೋವು ತಡೆಯಲಾರದಾಗ ಅಲ್ಲಿಗೆ ಬಂದೇ ಬರುತ್ತಾಳೆ. 1979ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ “ವಿಮೋಚನಾ” ಸಂಸ್ಥೆಯವರು ಸುಟ್ಟಗಾಯಗಳ ವಾರ್ಡಿನಲ್ಲಿ ಸಾಯುತ್ತಿದ್ದ ತರುಣ ಗೃಹಿಣಿಯರ ಬೆನ್ನುಹತ್ತಿದರು. ಸೀಮೆಎಣ್ಣೆಯ ಸ್ಟೌವ್ ಸಿಡಿದು ಸತ್ತಳೆಂಬುದು ಆಗ ಎಲ್ಲ ಬಾಯಲ್ಲೂ ಇದ್ದ ವಿವರಣೆ. ಅದೇ ಸ್ಟೌವಿನ ಮುಂದೆ ದಿನವೂ ನಿಲ್ಲುವ ಅತ್ತೆಯರನ್ನೂ ನಾದಿನಿಯರನ್ನೂ ಬಿಟ್ಟು ಹೊಸ ಸೊಸೆಯರನ್ನೇ ಅದು ಆರಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನು ಇಂಥ ಹೆಂಗಸರು ಕೇಳಿದ ಮೇಲೆಯೇ ಊರು ಕಿವಿಗೊಟ್ಟದ್ದು. ಸಾಯುವವಳ ಹೇಳಿಕೆಯನ್ನು ಬರೆದುಕೊಳ್ಳುವಾಗ ಅಕ್ಕಪಕ್ಕ ಯಾರು ನಿಂತಿದ್ದರು, ಪ್ರಜ್ಞೆಯಿದೆಯೆಂದು ವೈದ್ಯರು ದೃಢಪಡಿಸಿದರೆ, ಕಾಗದ ತಹಸೀಲ್ದಾರರಿಂದ ಠಾಣೆಗೆ ಯಾವಾಗ ಮುಟ್ಟಿತು, ಇಂಥ ಸಣ್ಣ ಸಂಗತಿಗಳ ಮೇಲೆ ಮೊಕದ್ದಮೆಯ ಹಣೆಬರಹ ನಿಂತಿರುತ್ತದೆ. ಆಸ್ಪತ್ರೆ, ಪೊಲೀಸು, ಕಂದಾಯ ಇಲಾಖೆ ಮೂರೂ ಒಂದೇ ಹಾಸಿಗೆಯ ಸುತ್ತ ನಿಂತೂ ಒಬ್ಬರಿಗೊಬ್ಬರು ಮಾತಾಡದಿದ್ದರೆ ಏನಾಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಮುಂಬಯಿಯಲ್ಲಿ ಈ ಹಾದಿಯಲ್ಲಿ ಎರಡು ದಿಟ್ಟ ಪ್ರಯತ್ನಗಳು ನಡೆದವು. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಪೊಲೀಸ್ ಕಮಿಷನರ ಕಚೇರಿಯಲ್ಲಿಯೇ ಸ್ತ್ರೀಯರಿಗೂ ಮಕ್ಕಳಿಗೂ ಒಂದು ವಿಶೇಷ ಘಟಕ ತೆರೆದು ಸಮಾಜಸೇವಕಿಯರನ್ನು ಕೂರಿಸಿದರು. ಠಾಣೆಯ ಒಳಗೆಯೇ ಖಾಕಿ ತೊಡದ ಒಬ್ಬಳು ಕುಳಿತು ಕೇಳುತ್ತಾಳೆಂದರೆ ಬಂದವಳ ಬಾಯಿ ತೆರೆಯುತ್ತದೆ. ಅವಳ ಮಾತಿಗೆ ಪೊಲೀಸರ ಬಲವೂ ಇರುತ್ತದೆ. ಆಮೇಲೆ, 2000ದ ಸುಮಾರಿಗೆ, ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರಪಾಲಿಕೆಯೂ “ಸೆಹತ್” ಎಂಬ ಸಂಶೋಧನ ಸಂಸ್ಥೆಯೂ ಕೂಡಿ “ದಿಲಾಸಾ” ಎಂಬ ಕೇಂದ್ರವನ್ನು ಆರಂಭಿಸಿದವು. ಅಲ್ಲಿ ನರ್ಸುಗಳಿಗೂ ವೈದ್ಯರಿಗೂ ಕಲಿಸಿದ್ದು ಬಹಳ ದೊಡ್ಡ ವಿದ್ಯೆಯೇನಲ್ಲ. ಗಂಡನನ್ನು ಹೊರಗೆ ಕೂರಿಸಿ ಆಕೆಯನ್ನು ಒಬ್ಬಳೇ ಇರುವಾಗ ಮಾತಾಡಿಸಬೇಕು. ಗಾಯಕ್ಕೂ ಹೇಳುವ ಕಾರಣಕ್ಕೂ ತಾಳೆಯಿದೆಯೇ ನೋಡಬೇಕು. ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಮೇಲೆ ನಾವು ಕಲ್ಪಿಸಿಕೊಂಡ ಆಕೆಗೆ ಇಂಥ ಆಸ್ಪತ್ರೆ ದೊರೆತಿದ್ದರೆ ಆ ಬಚ್ಚಲಿನ ಚೀಟಿ ಹುಟ್ಟುತ್ತಲೇ ಇರಲಿಲ್ಲ.

ನಮ್ಮ ನಾಡಿನವರೂ ಸುಮ್ಮನೆ ಕುಳಿತಿರಲಿಲ್ಲ. ಬೆಂಗಳೂರಿನ ಪೊಲೀಸ್ ಕಮಿಷನರ ಕಚೇರಿಯ ಆವರಣದಲ್ಲಿ 1999ರಲ್ಲಿ “ವನಿತಾ ಸಹಾಯವಾಣಿ” ಆರಂಭವಾಯಿತು. ಈ ಶತಮಾನದ ಆರಂಭದಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ “ಸಾಂತ್ವನ” ಕೇಂದ್ರಗಳು ಬಂದವು. ಜಿಲ್ಲಾ ಆಸ್ಪತ್ರೆಗಳಲ್ಲಿ “ಗೆಳತಿ” ಎಂಬ ಹೆಸರಿನ ವಿಶೇಷ ಚಿಕಿತ್ಸಾ ಘಟಕಗಳು ಏರ್ಪಟ್ಟವು. ಹೆಸರಿಟ್ಟವರಿಗೆ ಭಾಗೀರಥಿಯ ಗೆಳತಿಯ ನೆನಪಿತ್ತೋ ಇಲ್ಲವೋ. ಈ ಗೆಳತಿಯಾದರೂ ಬೇರೆ ಉತ್ತರ ಕೊಡಲೆಂದು ಹಾರೈಸಬೇಕು.

2012ರ ದೆಹಲಿಯ ಘೋರ ಘಟನೆಯ ಬಳಿಕ ಒಂದೇ ಸೂರಿನಡಿ ಎಲ್ಲ ನೆರವನ್ನೂ ಕೂಡಿಸುವ ವಿಚಾರ ದೇಶದ ಮಟ್ಟದಲ್ಲಿ ಬಲಗೊಂಡು, 2015ರ ಏಪ್ರಿಲ್ 1ರಿಂದ “ಸಖಿ” ಏಕನಿಲುಗಡೆ ಕೇಂದ್ರಗಳ ಯೋಜನೆ ಜಾರಿಗೆ ಬಂದಿತು. ಮೊದಲ ಕೇಂದ್ರ ತೆರೆದದ್ದು ಛತ್ತೀಸಗಢದ ರಾಯಪುರದಲ್ಲಿ. ಇಂದು ದೇಶದಲ್ಲಿ ಏಳುನೂರಕ್ಕೂ ಮೀರಿ ಇವೆ. ಚಿಕಿತ್ಸೆ, ಪೊಲೀಸ್ ನೆರವು, ಆಪ್ತಸಮಾಲೋಚನೆ, ಕಾನೂನಿನ ಸಲಹೆ, ಐದು ದಿನದವರೆಗೆ ಮಕ್ಕಳೊಡನೆ ತಂಗಲು ಜಾಗ, ಇವೆಲ್ಲ ಅಲ್ಲಿ ದೊರೆಯಬೇಕೆಂಬುದು ಉದ್ದೇಶ. ಉದ್ದೇಶ ಚೆನ್ನಾಗಿದೆ. ಆದರೆ ಒಂದೇ ಸೂರಿನಡಿ ನಾಲ್ಕು ಮೇಜು ಹಾಕಿದ ಮಾತ್ರಕ್ಕೆ ಅವು ಪರಸ್ಪರ ಮಾತಾಡುತ್ತವೆಯೆಂದು ತಿಳಿಯಬಾರದು. ಅಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಬಹುತೇಕರು ಗುತ್ತಿಗೆಯ ಸಂಬಳದವರು. ನಡುರಾತ್ರಿ ಬಂದವಳ ಕೈಹಿಡಿದು ಸಂತೈಸುವವಳ ಕೆಲಸವೇ ಮುಂದಿನ ವರ್ಷ ಇರುವುದೋ ಇಲ್ಲವೋ ತಿಳಿಯದಿದ್ದರೆ ಅನುಭವ ಕೂಡುವುದು ಹೇಗೆ?

ಐದು ದಿನದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಇನ್ನೂ ಕಠಿಣ. ಹಿಂದೆ ಸ್ವಾಧಾರ ಗೃಹಗಳಿದ್ದವು. 2022ರಿಂದ ಅವು ಮಿಷನ್ ಶಕ್ತಿಯಡಿ “ಶಕ್ತಿ ಸದನ”ಗಳೆಂಬ ಹೆಸರಿಗೆ ಸೇರಿಕೊಂಡಿವೆ. ಬೆಳೆದ ಗಂಡುಮಗನನ್ನು ಕರೆದುಕೊಂಡು ಬಂದ ತಾಯಿಗೆ ಹೆಂಗಸರ ಆಶ್ರಯಗೃಹದಲ್ಲಿ ಜಾಗ ದೊರೆಯುವುದು ಸುಲಭವಲ್ಲ. ಮಗನನ್ನು ಬಿಟ್ಟು ಒಳಗೆ ಹೋಗಲು ಯಾವ ತಾಯಿ ಒಪ್ಪಿಯಾಳು? ಕರ್ನಾಟಕದಲ್ಲಿ 2023ರ ಜೂನ್‍ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾಗಿದೆ. ವಾಯಿದೆಯ ದಿನ ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಗಂಡನ ಮುಂದೆ ಕೈಚಾಚಬೇಕಾಗಿದ್ದವಳಿಗೆ ಅದು ಸಣ್ಣ ಸಹಾಯವಲ್ಲ. ಯೋಜನೆ ಮಾಡಿದವರು ಈ ಉಪಯೋಗವನ್ನು ಎಣಿಸಿದ್ದರೋ ಏನೋ.

ಹೊರದೇಶಗಳ ಮಾತನ್ನೂ ಎರಡು ಆಡಿಬಿಡುತ್ತೇನೆ. ಅಮೆರಿಕದ ಸುಪೀರಿಯರ್ ಸರೋವರದ ದಡದಲ್ಲಿರುವ ಡುಲೂತ್ ಎಂಬ ಸಣ್ಣ ಊರಿನಲ್ಲಿ 1981ರಲ್ಲಿ ಪೊಲೀಸ್, ನ್ಯಾಯಾಲಯ, ಆಶ್ರಯಗೃಹ ಮೊದಲಾದ ಒಂಬತ್ತು ಸಂಸ್ಥೆಗಳು ತಂತಮ್ಮ ನಡಾವಳಿಯನ್ನು ಬರಹದಲ್ಲಿ ಗೊತ್ತುಮಾಡಿಕೊಂಡು ಒಂದಕ್ಕೊಂದು ಹೊಂದಿಸಿಕೊಂಡವು. ಆ ಕೆಲಸದ ಮುಂದಾಳುಗಳಲ್ಲೊಬ್ಬಳಾದ ಎಲೆನ್ ಪೆನ್ಸ್ ಆಮೇಲೆ ಬೆಳೆಸಿದ ವಿಧಾನ ಸ್ವಾರಸ್ಯವಾಗಿದೆ: ಫೋನು ಬಂದ ಗಳಿಗೆಯಿಂದ ತೀರ್ಪಿನವರೆಗೆ ಒಂದು ಪ್ರಕರಣದ ಕಾಗದಗಳನ್ನು ಬೆನ್ನಟ್ಟಿ, ಆಕೆಗಿರುವ ಅಪಾಯದ ಸುದ್ದಿ ಯಾವ ಮೇಜಿನ ಮೇಲೆ ಕಳೆದುಹೋಯಿತೆಂದು ಹುಡುಕುವುದು. ಹೊಡೆಯುವ ಗಂಡಸರನ್ನು ತಿದ್ದಲು ಅಲ್ಲಿ ನಡೆಸಿದ ತರಗತಿಗಳ ಫಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಈ ಕಾಗದದ ಶೋಧನೆ ನಮಗೂ ಒಪ್ಪುವ ವಿದ್ಯೆ. ವೇಲ್ಸ್ ದೇಶದ ಕಾರ್ಡಿಫ್‍ನಲ್ಲಿ 2003ರಲ್ಲಿ ಆರಂಭವಾದದ್ದು ಇನ್ನೊಂದು ಕ್ರಮ. ಪ್ರಾಣಾಪಾಯ ಹೆಚ್ಚಾಗಿರುವ ಪ್ರಕರಣಗಳನ್ನು ಮಾತ್ರ ಆರಿಸಿಕೊಂಡು, ಪೊಲೀಸರು, ಆರೋಗ್ಯದವರು, ವಸತಿಯವರು, ಮಕ್ಕಳ ರಕ್ಷಣೆಯವರು ಒಂದೇ ಮೇಜಿನ ಸುತ್ತ ಕುಳಿತು ತಮಗೆ ತಿಳಿದದ್ದನ್ನು ಹೇಳಿ, ಯಾರು ಏನು ಮಾಡತಕ್ಕದ್ದೆಂದು ಬರೆದುಕೊಂಡು ಏಳುತ್ತಾರೆ. ಆ ಹೆಂಗಸಿನ ಪರವಾಗಿ ಮಾತಾಡಲು ಒಬ್ಬ ಸ್ವತಂತ್ರ ಸಲಹೆಗಾರ್ತಿ ಇರುತ್ತಾಳೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಠಾಣೆ, ಆಸ್ಪತ್ರೆ, ನ್ಯಾಯಾಲಯ, ಶಿಶು ಅಭಿವೃದ್ಧಿ ಕಚೇರಿ ಒಂದು ಮೈಲಿಯ ಸುತ್ತಿನಲ್ಲೇ ಇರುತ್ತವೆ. ಇಂಥ ಸಭೆಗೆ ದೊಡ್ಡ ಹಣವೇನೂ ಬೇಡ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸುಳ್ಳು ದೂರುಗಳಿಂದ ಸಂಸಾರಗಳು ಮುರಿಯುತ್ತವೆಂದು ಹೇಳುವವರುಂಟು. ದಂಡನೆಯ ಕಾನೂನಿನಲ್ಲಿ ದೂರು ಬಂದೊಡನೆ ಕಣ್ಣುಮುಚ್ಚಿ ಬಂಧಿಸಬಾರದೆಂದು 2014ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಕಟ್ಟು ಹಾಕಿದೆ. 2005ರ ಕಾಯಿದೆಯಾದರೋ ಮೊದಲ ಹೆಜ್ಜೆಯಲ್ಲಿ ಯಾರನ್ನೂ ಸೆರೆಗೆ ತಳ್ಳುವುದಿಲ್ಲ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಒಂದು ವರ್ಷದವರೆಗೆ ಸಜೆ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸುಳ್ಳನ್ನು ಬಯಲಿಗೆಳೆಯುವುದಕ್ಕೂ ಬೇಕಾದದ್ದು ಇದೇ: ಮೊದಲ ದಿನವೇ ಸರಿಯಾಗಿ ಬರೆದ ವೈದ್ಯರ ಚೀಟಿ, ಅಧಿಕಾರಿ ಮನೆಗೆ ಹೋಗಿ ನೋಡಿ ಬರೆದ ವರದಿ. ಇಲಾಖೆಗಳು ಕೂಡಿ ದುಡಿದರೆ ನಿರಪರಾಧಿಗೂ ಲಾಭವೇ.

ಆಪ್ತಸಮಾಲೋಚನೆಯ ವಿಷಯದಲ್ಲಿ ನನಗೊಂದು ಗುಮಾನಿ ಉಳಿದಿದೆ. ಎಷ್ಟೋ ಕಡೆ ಅದರ ಅರ್ಥ, ಅವಳನ್ನು ಹೇಗಾದರೂ ಒಪ್ಪಿಸಿ ವಾಪಸು ಕಳಿಸುವುದೆಂದಾಗಿದೆ; ಒಂದಾದ ಜೋಡಿಗಳ ಲೆಕ್ಕವೇ ಕೇಂದ್ರದ ಹೆಗ್ಗಳಿಕೆಯಾಗುತ್ತದೆ. 2006ರ ನಿಯಮಗಳು ಹೇಳುವುದು ಬೇರೆ. ಸಮಾಲೋಚನೆಯಲ್ಲಿ ಎದುರುದಾರನು ಹಿಂಸೆಗೆ ಕಾರಣ ಕೊಟ್ಟು ಸಮರ್ಥಿಸಿಕೊಳ್ಳುವುದಕ್ಕೆ ಆಸ್ಪದವೇ ಇಲ್ಲ. “ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ” ಎಂಬ ಮಾತು ಆ ಕೋಣೆಯಲ್ಲಿ ನಡೆಯದು. ಈ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿಯೊಂದು ಕೇಂದ್ರದ ಗೋಡೆಗೂ ತೂಗುಹಾಕಬೇಕು.

ಓದುಗರ ಮನೆಯ ಪಕ್ಕದಲ್ಲಿ ಇಂಥದೊಂದು ಸದ್ದು ಕೇಳುತ್ತಿದ್ದರೆ ತಿಳಿದಿರಲೆಂದು ಕೆಲವು ಸಂಗತಿಗಳು. ಹಿಂಸೆ ನಡೆದಿದೆಯೆಂದೋ ನಡೆಯುವಂತಿದೆಯೆಂದೋ ನಂಬಲು ಕಾರಣವಿದ್ದ ಯಾರೇ ಆದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದು ನಾಲ್ಕನೆಯ ಕಲಮು ಅಭಯ ಕೊಟ್ಟಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಪ್ರಾಣಾಪಾಯದ ಹೊತ್ತಿನಲ್ಲಿ 112. ಉಚಿತ ಕಾನೂನು ನೆರವಿಗೆ 15100. ಹೆಂಗಸಿಗೆ ಈ ನೆರವು ದೊರೆಯಲು ವರಮಾನದ ಮಿತಿಯಿಲ್ಲ, ಬಡವಳೆಂಬ ಪತ್ರ ತರಬೇಕಾಗಿಲ್ಲ.

ಆದೇಶ ದೊರೆತವರು ಮರೆಯಬಾರದ ಒಂದು ಅಂಶವಿದೆ. ಮ್ಯಾಜಿಸ್ಟ್ರೇಟರು ಹೊರಡಿಸಿದ ಆದೇಶದ ಪ್ರತಿಯನ್ನು ನ್ಯಾಯಾಲಯ ಪುಕ್ಕಟೆಯಾಗಿ ಉಭಯ ಪಕ್ಷದವರಿಗೂ, ಆ ಸರಹದ್ದಿನ ಪೊಲೀಸ್ ಠಾಣೆಗೂ, ಅಲ್ಲಿನ ಸೇವಾಸಂಸ್ಥೆಗೂ ಕಳಿಸಬೇಕೆಂದು ಇಪ್ಪತ್ತನಾಲ್ಕನೆಯ ಕಲಮು ಹೇಳುತ್ತದೆ. ಒಂದು ವಾರ ಬಿಟ್ಟು, ಅಣ್ಣನನ್ನೋ ನೆರೆಯವರನ್ನೋ ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ, ಆ ಪ್ರತಿ ಬಂದು ಮುಟ್ಟಿದೆಯೇ, ಯಾವ ಕಡತದಲ್ಲಿದೆ, ರಾತ್ರಿ ಪಾಳಿಯವರಿಗೆ ಅದು ತಿಳಿದಿದೆಯೇ ಎಂದು ವಿಚಾರಿಸಿಕೊಂಡು ಬರುವುದು ಒಳ್ಳೆಯದು.